ಹೆಸರು ಕ್ಯಾಮೆರಾ ಕಡೆಗೆ

2022ರಲ್ಲಿ ನಾನು ಮುಂಬೈಯ ಒಂದು ಹಿಂದಿ ವೆಬ್ ಚಿತ್ರಕ್ಕೆ ಸ್ಕ್ರಿಪ್ಟ್ ಸೂಪರ್‌ವೈಸರ್ ಆಗಿದ್ದೆ. ಈ ಕೆಲಸಕ್ಕೆ ಸೇರಿ ಅದು ನನಗೆ ಮೂವತ್ತೊಂದನೆಯ ವರ್ಷ. ಅದೇ ನನ್ನ ಕೊನೆಯ ಚಿತ್ರವೂ ಆಯಿತು. ಯಾರೂ ನನ್ನನ್ನು ತೆಗೆದುಹಾಕಲಿಲ್ಲ. ಆಮೇಲೆ ಕರೆದವರಿಗೆಲ್ಲ ಮೊಣಕಾಲು ನೋವು ಎಂದು ಹೇಳಿದೆ. ಮೊಣಕಾಲು ನೋವೇನೋ ಇರುವುದೇ, ಆದರೆ ಕಾರಣ ಅದಲ್ಲ.

ಸ್ಕ್ರಿಪ್ಟ್ ಸೂಪರ್‌ವೈಸರ್ ಎಂದರೆ ಕತೆ ಬರೆಯುವವಳು ಎಂದು ನಮ್ಮ ನೆಂಟರು ಈಗಲೂ ನಂಬಿದ್ದಾರೆ. ನಾನು ಒಂದು ಸಾಲು ಕತೆ ಬರೆದವಳಲ್ಲ. ಸಿನಿಮಾದ ಒಂದು ದೃಶ್ಯವನ್ನು ತುಂಡು ತುಂಡಾಗಿ, ಬೇರೆ ಬೇರೆ ದಿನ ತೆಗೆಯುತ್ತಾರೆ. ಸೋಮವಾರ ನಾಯಕಿ ಎಡಗೈಯಲ್ಲಿ ಚೀಲ ಹಿಡಿದು ಬಾಗಿಲವರೆಗೆ ಬಂದಿದ್ದರೆ, ಗುರುವಾರ ಅದೇ ಬಾಗಿಲು ದಾಟಿ ಒಳಗೆ ಬರುವಾಗಲೂ ಚೀಲ ಎಡಗೈಯಲ್ಲೇ ಇರಬೇಕು. ತಟ್ಟೆಯಲ್ಲಿ ಅನ್ನ ಎಷ್ಟಿತ್ತು, ಗಡಿಯಾರದಲ್ಲಿ ಗಂಟೆ ಎಷ್ಟಾಗಿತ್ತು, ಬಟ್ಟಲಿನ ಹಿಡಿ ಯಾವ ಕಡೆಗಿತ್ತು, ಇವನ್ನೆಲ್ಲ ಶೀಟಿನಲ್ಲಿ ಬರೆದಿಟ್ಟು, ತಪ್ಪಿದ ಕೂಡಲೇ ಕೂಗಿ ನಿಲ್ಲಿಸುವುದು ನನ್ನ ಕೆಲಸ. ಇದಕ್ಕೆ ಕಂಟಿನ್ಯುಟಿ ಎನ್ನುತ್ತಾರೆ. ಪ್ರಫುಲ್ಲಾ ಮ್ಯಾಡಮ್‌ದು ಹದ್ದಿನ ಕಣ್ಣು ಎಂದು ಸೆಟ್ಟಿನವರು ಹೇಳುವಾಗ ನಾನು ಕೇಳಿಸದವಳಂತೆ ಇರುತ್ತಿದ್ದೆ. ಕೇಳಿಸುತ್ತಿತ್ತು, ಖುಷಿಯೂ ಆಗುತ್ತಿತ್ತು.

ಆ ಚಿತ್ರ ಒಂದು ಕನ್ನಡ ನಾಟಕದಿಂದ ಬಂದದ್ದು. ಏಡ್ಸ್ ಎಂಬ ಹೆಸರೇ ಈ ಊರಿಗೆ ಹೊಸತಾಗಿದ್ದ ಕಾಲದಲ್ಲಿ, ರಾತ್ರಿಶಾಲೆಯಲ್ಲಿ ಓದುತ್ತಿದ್ದ ಹೋಟೆಲ್ ಕಾರ್ಮಿಕರು ಸೇರಿ ಆಡಿದ ನಾಟಕ. ಹೆಸರು 'ಬೇರೆ ಲೋಟ'. ಬೈಕುಲ್ಲಾದ ಒಂದು ಉಡುಪಿ ಹೋಟೆಲಿನ ಅಡಿಗೆಯವನಿಗೆ ಈ ರೋಗ ಬರುತ್ತದೆ. ಮಾಲೀಕ ಮೊದಲು ಅವನ ಲೋಟ ಬೇರೆ ಮಾಡುತ್ತಾನೆ, ಆಮೇಲೆ ಮಲಗುವ ಜಾಗ ಬೇರೆ ಮಾಡುತ್ತಾನೆ, ಕೊನೆಗೆ ಅವನನ್ನೇ ಹೊರಗೆ ಹಾಕುತ್ತಾನೆ. ಆಸ್ಪತ್ರೆಯಲ್ಲಿ ಅವನ ಮಂಚ ಪಾಯಿಖಾನೆಯ ಬಾಗಿಲಿನ ಪಕ್ಕ. ಮಂಚದ ಕಾಲಿಗೆ ರೋಗದ ಹೆಸರು ಬರೆದ ಕೆಂಪು ಚೀಟಿ. ಊಟದ ತಟ್ಟೆಯನ್ನು ನೆಲದ ಮೇಲೆ ಕಾಲಿನಿಂದ ತಳ್ಳಿಬಿಡುತ್ತಾರೆ. ನಾಟಕ ನೋಡಲು ಹೋದಾಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಮಧ್ಯಂತರದಲ್ಲಿ ಚಹಾ ಕುಡಿಯಲು ಎದ್ದ ಹೋಟೆಲ್ ಮಾಲೀಕರಲ್ಲಿ ಹೆಚ್ಚಿನವರು ಒಳಗೆ ಬರಲೇ ಇಲ್ಲ. ಎರಡನೆಯ ಅರ್ಧವನ್ನು ಹುಡುಗರು ಖಾಲಿ ಕುರ್ಚಿಗಳಿಗೆ ಆಡಿದರು.

ನಾಟಕ ಬರೆದವರು ಆ ಅಡಿಗೆಯವನ ಮದುವೆಗೆ ಮೊದಲು ಅವನ ಜೊತೆಗೆ ಒಂದೇ ಖೋಲಿಯಲ್ಲಿ ಇದ್ದವರು. ಅವನ ನಿಜವಾದ ಹೆಸರು ಶೀನ. ನಾಟಕದಲ್ಲಿ ಅದನ್ನು ಬದಲಿಸಿದ್ದರು. ಅವನಿಗೆ ಒಬ್ಬ ಹೆಂಡತಿ ಇದ್ದಳು ಎಂಬ ಸುಳಿವನ್ನು ಮಾತ್ರ ಒಂದು ಸಾಲಿನಲ್ಲೂ ಬಿಟ್ಟುಕೊಟ್ಟಿರಲಿಲ್ಲ. ಏಕೆಂದರೆ ಆಕೆ ಬದುಕಿದ್ದಳು. ಆಕೆ ಯಾರೆಂದು ಅವರು ಸಾಯುವವರೆಗೂ ಯಾರಿಗೂ ಹೇಳಲಿಲ್ಲ.

ನನಗೆ ಗೊತ್ತಿತ್ತು. ಸಯನ್‌ನ ನಮ್ಮ ಬಿಲ್ಡಿಂಗಿನ ಹಿಂದಿನ ಚಾಳಿನಲ್ಲಿ, ನೆಲಮಹಡಿಯ ಒಂದೂವರೆ ಕೋಣೆಯಲ್ಲಿ ವಾರಿಜಕ್ಕ ಇದ್ದರು. ಇಪ್ಪತ್ತೆರಡು ಮನೆ–ಆಫೀಸುಗಳಿಗೆ ಮಧ್ಯಾಹ್ನದ ಊಟದ ಡಬ್ಬ ಕಳಿಸುತ್ತಿದ್ದರು. ಗಂಡ ಟಿ.ಬಿ.ಯಲ್ಲಿ ಹೋದರು ಎಂದು ಚಾಳಿನವರು ತಿಳಿದಿದ್ದರು. ಹದಿನೈದು ವರ್ಷ ಅವರ ಡಬ್ಬ ಉಂಡವಳು ನಾನು. ಒಮ್ಮೆ ಅವರಿಗೆ ಜೋರಾಗಿ ಜ್ವರ ಬಂದಾಗ ಆಸ್ಪತ್ರೆಗೆ ಜೊತೆಗೆ ಹೋದೆ. ಅಲ್ಲಿ ಅವರ ಕಾರ್ಡು ನೋಡಿದೆ. ಅವರೇ ಎಲ್ಲವನ್ನೂ ಹೇಳಿದರು. ಗಂಡನಿಂದ ಅವರಿಗೂ ಬಂದಿತ್ತು. ಸರ್ಕಾರದ ಮಾತ್ರೆ ಪುಕ್ಕಟೆ ಸಿಗುವ ಹೊತ್ತಿಗೆ ದೇಹ ಸೋತಿತ್ತು, ಮಾತ್ರೆ ಎಬ್ಬಿಸಿ ಕೂರಿಸಿತು. ಈಗ ಅವರ ರಕ್ತ ಪರೀಕ್ಷೆಯಲ್ಲಿ ವೈರಸ್ಸು ಕಾಣಿಸುವುದೇ ಇಲ್ಲ. ಅನ್ನ ನೀರಿನಿಂದ ಅದು ಯಾವ ಕಾಲಕ್ಕೂ ಹರಡಿದ್ದಲ್ಲ. ಇದನ್ನೆಲ್ಲ ಡಾಕ್ಟರರು ನನಗೆ ಬಿಡಿಸಿ ಹೇಳಿದ್ದರು. ನಾನು ಮರುದಿನವೂ ಅವರ ಕೈಯ ಊಟ ಉಂಡೆ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಿರ್ದೇಶಕ ನಿಖಿಲ್ ಬಾಂದ್ರಾದ ಹುಡುಗ, ಮೂವತ್ತನಾಲ್ಕು ವಯಸ್ಸು, ಒಳ್ಳೆಯವನೇ. ನಾಟಕದ ಹಕ್ಕನ್ನು ಬರೆದವರ ಮಗನಿಂದ ಪಡೆದಿದ್ದ. ಗಂಡಸರ ಜಗಳ ಬಿಟ್ಟರೆ ಇದರಲ್ಲಿ ಏನೂ ಇಲ್ಲ, ಒಬ್ಬ ಹೆಂಡತಿ ಬೇಕಾಗಿತ್ತು ಎಂದು ಓದಿನ ಬೈಠಕಿನಲ್ಲಿ ಕೊರಗುತ್ತಿದ್ದ. ನಾನು ತೆಪ್ಪಗೆ ಇರಬಹುದಿತ್ತು. ಮೂವತ್ತೊಂದು ವರ್ಷ ಲೋಟ–ತಟ್ಟೆ ನೋಡಿಕೊಂಡವಳಿಗೆ ಮೊದಲ ಬಾರಿ ಕತೆಯ ಬಗ್ಗೆ ಹೇಳಲು ಏನೋ ಇತ್ತು. ಹೆಂಡತಿ ಇದ್ದಾಳೆ, ಬದುಕಿದ್ದಾಳೆ, ನನಗೆ ಗೊತ್ತು ಎಂದುಬಿಟ್ಟೆ. ಬೈಠಕಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು.

ಒಂದು ಭಾನುವಾರ ಮಧ್ಯಾಹ್ನ ವಾರಿಜಕ್ಕನ ಬಳಿ ಹೋಗಿ ಕೇಳಿದೆ. ಅವರು ಅಲಸಂಡೆ ಮುರಿಯುತ್ತಾ ಕೇಳಿಸಿಕೊಂಡರು. ಇಲ್ಲ ಎನ್ನುತ್ತಾರೆ ಎಂದೇ ಎಣಿಸಿದ್ದೆ.

"ಇವರು ಹೋದಾಗ ಹೆಗಲು ಕೊಡ್ಲಿಕ್ಕೆ ನಾಲ್ಕು ಜನ ಬರ್ಲಿಲ್ಲ ಪ್ರಫುಲ್ಲಾ," ಅಂದರು. "ಸಿನಿಮಾದಲ್ಲಾದ್ರೂ ನಾಲ್ಕು ಜನ ನೋಡ್ಲಿ. ಆದ್ರೆ ನನ್ನ ಹೆಸರು ಬರ್ಬಾರ್ದು, ಈ ಚಾಳು ಬರ್ಬಾರ್ದು, ಡಬ್ಬದ ಸುದ್ದಿ ಬರ್ಬಾರ್ದು. ಅಷ್ಟು ಮಾಡು."

ನಿಖಿಲ್ ಅವರ ಎದುರು ನೆಲದ ಮೇಲೆ ಕೂತು ಮಾತು ಕೊಟ್ಟ. ವಕೀಲರಿಂದ ಕರಾರು ಪತ್ರ ಮಾಡಿಸಿದ. ಹೆಸರು ಬದಲು, ಊರು ಬದಲು, ಕಸುಬು ಬದಲು. ಚಿತ್ರದಲ್ಲಿ ಹೆಂಡತಿ ಹೊಲಿಗೆ ಕೆಲಸದವಳಾದಳು. ವಾರಿಜಕ್ಕ ಎರಡು ಮಧ್ಯಾಹ್ನ ಕೂತು ಹೇಳಿದ್ದನ್ನು ನಾನು ಹಿಂದಿಗೆ ಮಾಡಿ ಹೇಳಿದೆ, ಅವನು ಬರೆದುಕೊಂಡ. ಲೋಟದ ಮಾತು ಬಂದಾಗ, ಗಂಡನ ಆ ಬೇರೆ ಲೋಟದಿಂದ ನೀವು ಯಾವತ್ತಾದರೂ ನೀರು ಕುಡಿದಿರಾ ಎಂದು ಅವನು ನನ್ನಿಂದ ಕೇಳಿಸಿದ.

"ಇಲ್ಲ ಮಾರಾಯ್ತಿ," ಅಂದರು ವಾರಿಜಕ್ಕ, ಅವನಿಗಲ್ಲ, ನನಗೆ. "ಹೆದರಿಕೆ ಇತ್ತಲ್ಲ. ಹೋಟ್ಲಿನವರು ಬೇರೆ ಇಟ್ಟದ್ದು ಆಮೇಲೆ. ಮೊದ್ಲು ಬೇರೆ ಇಟ್ಟದ್ದು ನಾನೇ. ಫಿನಾಯಿಲ್ ಹಾಕಿ ತೊಳೆದು ಕಿಟಕಿಯಲ್ಲಿ ಕವುಚಿ ಇಡ್ತಿದ್ದೆ. ಇವರು ನೋಡ್ತಿದ್ರು, ಏನೂ ಹೇಳ್ತಿರ್ಲಿಲ್ಲ."

ನಾನು ಇದನ್ನು ಹಿಂದಿಯಲ್ಲಿ ಹೇಳಿದಾಗ ನಿಖಿಲ್ ಕಣ್ಣು ಒರೆಸಿಕೊಂಡ. ಆದರೆ ಚಿತ್ರದಲ್ಲಿ ಅದನ್ನು ತಿರುಗಿಸಿ ಬರೆದ. ಅವನ ದೃಶ್ಯ ನಲವತ್ತೊಂದರಲ್ಲಿ ಹೆಂಡತಿ ಹೋಟೆಲಿನ ಅಡಿಗೆಮನೆಗೆ ಬಂದು, ಮಾಲೀಕನ ಎದುರಿಗೇ ಗಂಡನ ಲೋಟದಲ್ಲಿ ಉಳಿದ ನೀರನ್ನು ಬಾಯಿಟ್ಟು ಕುಡಿಯುತ್ತಾಳೆ. ನೋಡುವವರಿಗೆ ಎಲ್ಲಾದರೂ ಒಂದು ಕಡೆ ಸಮಾಧಾನ ಬೇಕು ಎಂದು ಕಾರಣ ಕೊಟ್ಟ.

ಈಗ ಲೋಟದ ವಿಷಯ. ಕಲಾ ವಿಭಾಗದವರು ಹೊಸ ಸ್ಟೀಲ್ ಲೋಟಗಳನ್ನು ತಂದು, ಮರಳಿನಲ್ಲಿ ಉಜ್ಜಿ ಹಳತು ಮಾಡಲು ನೋಡಿದರು. ಕ್ಯಾಮೆರಾದ ಎದುರು ಅವು ಕನ್ನಡಿಯ ಹಾಗೆ ಹೊಳೆದವು. ಈಗಿನ ಲೋಟಗಳ ತಗಡೂ ತೆಳು. ವಾರಿಜಕ್ಕನ ಮನೆಯ ಅಟ್ಟಣಿಗೆಯ ಮೇಲೆ ಶೀನರ ಆ ಲೋಟ ಇನ್ನೂ ಇದೆ ಎಂದು ನನಗೆ ಗೊತ್ತಿತ್ತು. ದಪ್ಪ ಕಂಠದ, ಕೈಗೆ ಭಾರ ಸಿಗುವ ಲೋಟ. ಮತ್ತೆ ನಾನೇ ಬಾಯಿ ತೆರೆದೆ. ಮತ್ತೆ ನಾನೇ ಹೋಗಿ ಕೇಳಿದೆ. ಅವರು ಸೆರಗಿನಲ್ಲಿ ಒರೆಸಿ, ವಾಪಸು ತಂದುಕೊಡು ಎಂದು ಹೇಳಿ ಕೈಗಿತ್ತರು.

ಅದರ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿ ಕೊರೆದ ಕನ್ನಡ ಅಕ್ಷರಗಳಲ್ಲಿ 'ಪಡುಮನೆ ವಾರಿಜಾ' ಎಂದಿತ್ತು. ಮದುವೆಗೆ ತವರಿನವರು ಕೊಡುವ ಪಾತ್ರೆಗಳ ಮೇಲೆ ಮನೆತನದ ಹೆಸರಿನೊಡನೆ ಹುಡುಗಿಯ ಹೆಸರು ಕೊರೆಸುವುದು ನಮ್ಮ ಕಡೆಯ ಪದ್ಧತಿ. ನಾಲ್ಕು ಮನೆಯ ಪಾತ್ರೆಗಳು ಒಂದೆಡೆ ಸೇರಿದರೂ ಯಾರದು ಯಾವುದು ಎಂದು ತಿಳಿಯಬೇಕಲ್ಲ, ಅದಕ್ಕೆ. ಆ ಹೆಸರು ನಮ್ಮಿಬ್ಬರ ಕಣ್ಣಿಗೂ ಬಿದ್ದಿತ್ತು. ನಮ್ಮ ಮನೆಗಳ ಎಲ್ಲ ಪಾತ್ರೆಗಳ ಮೇಲೂ ಹೆಸರು ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ.

ಬೈಕುಲ್ಲಾದ ಒಂದು ಹಳೆಯ ಗೋದಾಮಿನಲ್ಲಿ ಹೋಟೆಲಿನ ಅಡಿಗೆಮನೆಯ ಸೆಟ್ ಹಾಕಿದ್ದರು. ಎಂಟು ದಿನದ ಕೆಲಸ. ಯೂನಿಟ್ಟಿನ ಊಟ ಚೆನ್ನಾಗಿಲ್ಲ ಎಂದು ನಾಯಕನಟ ಸಮೀರ್ ಮೊದಲ ದಿನವೇ ಮುಖ ಸಿಂಡರಿಸಿದ. ವಾರಿಜಕ್ಕನ ಊಟ ತರಿಸಿ ಎಂದು ನಾನು ಹೇಳಿದೆ. ಅವರಿಗೂ ಒಂದು ವಾರ ಹೆಚ್ಚಿನ ಕೆಲಸ ಸಿಗಲಿ ಎಂಬ ಆಸೆ ನನಗೆ. ಅವರೇ ಈ ಕತೆಯ ಹೆಂಡತಿ ಎಂದು ನನಗೂ ನಿಖಿಲ್‌ಗೂ ಬಿಟ್ಟರೆ ಸೆಟ್ಟಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀರುದೋಸೆ, ಕೋಳಿಸಾರು, ಒಣಮೀನಿನ ಚಟ್ನಿ. ಸಮೀರ್ ಬೆರಳು ನೆಕ್ಕುತ್ತಾ, ಆಂಟಿಯ ಕೈಗೆ ಮುತ್ತು ಕೊಡಬೇಕು ಎಂದ. ನಾನು ಅದನ್ನು ವಾರಿಜಕ್ಕನಿಗೆ ಹೇಳಿದಾಗ ಅವರು ಸೆರಗು ಬಾಯಿಗಿಟ್ಟು ನಕ್ಕರು.

ಐದನೆಯ ದಿನ ದೃಶ್ಯ ನಲವತ್ತೊಂದು. ಮೊದಲು ಇಡೀ ಅಡಿಗೆಮನೆ ಕಾಣುವ ಶಾಟ್ ಮುಗಿಯಿತು. ಆಮೇಲೆ ಲೋಟದ ಹತ್ತಿರದ ಶಾಟ್. ಪ್ರಾಪ್ಸ್, ಅಂದರೆ ಸೆಟ್ಟಿನ ಸಾಮಾನು, ನೋಡಿಕೊಳ್ಳುವ ರಫೀಕ್ ವಿಜಯಪುರದ ಕಡೆಯವರು, ನನ್ನೊಡನೆ ಕನ್ನಡವನ್ನೇ ಆಡುವವರು. ಲೋಟ ಇಡುವಾಗ ಕೈ ತಡೆದು ಕೇಳಿದರು.

"ಮ್ಯಾಡಮ್ಮಾರ, ಇದರ ಮ್ಯಾಲ ಏನೋ ಬರದದ. ನನಗ ಓದಾಕ ಬರೂದಿಲ್ರಿ, ಉರ್ದು ಸಾಲ್ಯಾಗ ಕಲ್ತಾಂವ. ಯಾರದರ ಹೆಸರು ಇದ್ದೀತು. ತಿರುವಿ ಇಡ್ಲೇನ್ರಿ?"

ಆ ಸೆಟ್ಟಿನಲ್ಲಿ ಎಪ್ಪತ್ತು ಜನ ಇದ್ದರು. ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ. ಓದಲು ಬಾರದ ಮನುಷ್ಯನಿಗೆ ಹೊಳೆದದ್ದು ಓದಲು ಬಂದ ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಹಿಂದಿನ ಶಾಟಿನಲ್ಲಿ ಅಕ್ಷರ ಮುಂದಕ್ಕಿತ್ತು, ಈಗ ಹಿಂದಕ್ಕೆ ಹೋದರೆ ಎರಡು ಶಾಟು ಹೊಂದದೆ ಜಂಪ್ ಆಗುತ್ತದೆ. ನಾನು ರೇಗಿದೆ. ಇಟ್ಟದ್ದನ್ನು ಮುಟ್ಟಬೇಡಿ, ಮೂವತ್ತೊಂದು ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ ಎಂದೆ. ರಫೀಕ್ ಕೈ ಹಿಂದೆ ತೆಗೆದುಕೊಂಡರು. ನಾನು ಶೀಟಿನಲ್ಲಿ ಬರೆದೆ. ಬರೆಯುವುದು ಇಂಗ್ಲಿಷಿನಲ್ಲಿ, ಅದರ ಕನ್ನಡ ಇಷ್ಟು: ಲೋಟ, ಕಟ್ಟೆಯ ಬಲತುದಿ, ನೀರು ಅರ್ಧ, ಹೆಸರು ಕ್ಯಾಮೆರಾ ಕಡೆಗೆ. ಆ ಶೀಟು ಈಗಲೂ ನನ್ನ ಬಳಿ ಇದೆ. ಅಕ್ಷರ ಎಂದು ಬರೆಯಬಹುದಿತ್ತು, ಗುರುತು ಎಂದು ಬರೆಯಬಹುದಿತ್ತು. ನಾನು ಬರೆದದ್ದು ಹೆಸರು ಎಂದೇ.

ಶಾಟಿಗೆ ಏಳು ಟೇಕ್ ಬೇಕಾಯಿತು. ಮೂರನೆಯ ಟೇಕಿನಲ್ಲಿ ನಾಯಕಿ ಲೋಟವನ್ನು ಬಾಯಿಗೆ ತಾಗಿಸದೆ ಎತ್ತಿ ಕುಡಿದಳು. ಮನೆಯಲ್ಲಿ ಚಿಕ್ಕಂದಿನಿಂದ ಕಲಿತದ್ದು, ಕೈ ತಾನಾಗಿ ಮೇಲೆ ಹೋಗಿತ್ತು. ನಾನು ಕೂಗಿ ನಿಲ್ಲಿಸಿದೆ. ಎತ್ತಿ ಕುಡಿದರೆ ದೃಶ್ಯವೇ ಸತ್ತುಹೋಯಿತು, ಕಚ್ಚಿ ಕುಡಿಯಬೇಕು, ತುಟಿ ತಾಗುವುದೇ ಇಲ್ಲಿಯ ಕತೆ ಎಂದು ಎಲ್ಲರೆದುರಿಗೆ ಪಾಠ ಮಾಡಿದೆ. ಆ ಹುಡುಗಿ ನಾಚಿಕೊಂಡಳು. ಏಳನೆಯ ಟೇಕ್ ಓಕೆ ಆದಾಗ ಲೈಟಿನವರೂ ಚಪ್ಪಾಳೆ ತಟ್ಟಿದರು. ಸಮೀರ್ ಮೂಲೆಯಲ್ಲಿ ನಿಂತು ನಿಜವಾಗಿ ಅತ್ತ.

ಮುಂದಿನ ವರ್ಷ ಮಾರ್ಚಿನಲ್ಲಿ, ಚಿತ್ರ ಬಿಡುಗಡೆಗೆ ಎರಡು ದಿನ ಇರುವಾಗ, ಪೋಸ್ಟರ್ ಬಂತು. ಎರಡು ಕೈಗಳು, ನಡುವೆ ಆ ಲೋಟ, ಹಿಂದೆ ಕತ್ತಲು, ಕೆಳಗೆ ಏಡ್ಸ್ ಬಂದ ಅಡಿಗೆಯವನ ಮತ್ತು ಅವನ ಹೆಂಡತಿಯ ಕತೆ ಎಂಬ ಸಾಲು. ನನ್ನ ಫೋನಿಗೆ ಬಂದ ಪೋಸ್ಟರನ್ನು ನಾನೇ ನಮ್ಮ ಮಹಿಳಾ ಬಳಗದ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಗುಂಪಿನಲ್ಲಿ ಎಲ್ಲರೂ ಕರಾವಳಿಯವರು, ಹೆಚ್ಚಿನವರು ಸಯನ್ ಸುತ್ತಮುತ್ತಲಿನವರು. ಜೊತೆಗೆ ಒಂದು ಸಾಲನ್ನೂ ಸೇರಿಸಿದೆ. ನಾನು ಕೆಲಸ ಮಾಡಿದ ಚಿತ್ರ, ನಮ್ಮ ಊರ ಕಡೆಯವರೊಬ್ಬರ ನಿಜವಾದ ಕತೆ, ಎಲ್ಲರೂ ನೋಡಿ ಎಂದು. ಹೆಬ್ಬೆರಳುಗಳು, ಹೂಗುಚ್ಛಗಳು ಬಂದವು. ನಲವತ್ತು ನಿಮಿಷದ ಮೇಲೆ ಯಾರೋ ಪೋಸ್ಟರನ್ನು ದೊಡ್ಡದು ಮಾಡಿ, ಲೋಟವನ್ನಷ್ಟೇ ಕತ್ತರಿಸಿ ಹಾಕಿದರು. ಕೆಳಗೆ ಒಂದು ಪ್ರಶ್ನೆ: ಪಡುಮನೆ ವಾರಿಜಾ ಅಂದ್ರೆ ನಮ್ಮ ಡಬ್ಬದ ವಾರಿಜಕ್ಕನಾ?

ಅದನ್ನು ಓದಿದ ಕೂಡಲೇ ನನ್ನ ಮೆಸೇಜನ್ನು ಅಳಿಸಿದೆ. ಅಳಿಸಲಾಗಿದೆ ಎಂದು ಅಲ್ಲಿ ಬರೆದು ಬಂತು, ಅದನ್ನು ಕಂಡು ಇನ್ನಷ್ಟು ಜನ ವಿಚಾರಿಸಿದರು. ಗುಂಪು ಒಮ್ಮೆಲೇ ಮೌನವಾಯಿತು. ಹೆಂಗಸರ ಗುಂಪು ಮೌನವಾದರೆ ಮಾತು ಫೋನಿನಲ್ಲಿ ನಡೆಯುತ್ತಿದೆ ಎಂದೇ ಅರ್ಥ.

ಮರುದಿನ ಮಧ್ಯಾಹ್ನ ವಾರಿಜಕ್ಕ ಫೋನ್ ಮಾಡಿದರು. ಆರು ಡಬ್ಬ ಮುಚ್ಚಳ ತೆಗೆಯದೆ ಹಾಗೆಯೇ ವಾಪಸು ಬಂದಿದೆ, ಇವತ್ತು ಏನಾದರೂ ಹಬ್ಬವಾ, ಬಂದ್ ಏನಾದರೂ ಇದೆಯಾ ಎಂದು ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಗೊತ್ತಿಲ್ಲ ಅಕ್ಕ ಎಂದೆ. ಎರಡನೆಯ ದಿನ ಹದಿಮೂರು ವಾಪಸು. ಚಪಾತಿ ಲಟ್ಟಿಸಲು ಬರುತ್ತಿದ್ದ ಶೋಭಾ ಒಂಬತ್ತು ವರ್ಷದ ಕೆಲಸವನ್ನು ಒಂದು ಮಾತೂ ಆಡದೆ ಬಿಟ್ಟಳು. ತನ್ನ ಲಟ್ಟಣಿಗೆಯನ್ನೂ ಒಯ್ಯಲಿಲ್ಲ. ಮೂರನೆಯ ದಿನ ನಾನು ಹೋದಾಗ ಇಪ್ಪತ್ತೊಂದು ಡಬ್ಬಗಳು ಗೋಡೆಯ ಉದ್ದಕ್ಕೂ ಸಾಲಾಗಿ ಕೂತಿದ್ದವು. ಹೊರಗೆ ಹೋದದ್ದು ಒಂದೇ, ನನ್ನದು.

ಆಗ ಹೇಳಿದೆ. ಲೋಟ, ರಫೀಕ್, ಪೋಸ್ಟರ್, ನನ್ನ ಮೆಸೇಜು, ಎಲ್ಲವನ್ನೂ. ವಾರಿಜಕ್ಕ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಒಂದೊಂದೇ ಡಬ್ಬ ತೆರೆದು ಅನ್ನವನ್ನು ಒಂದು ದೊಡ್ಡ ಪಾತ್ರೆಗೆ ಸುರಿಯುತ್ತಾ ಹೋದರು. ಇಪ್ಪತ್ತೊಂದನೆಯದು ಮುಗಿದ ಮೇಲೆ ಕೇಳಿದರು: "ನೀನು ಓದಿದ್ಯಲ್ಲ?"

ಓದಿದ್ದೆ ಎಂದೆ.

ಅಲ್ಲಿಂದ ಸೀದಾ ಬಾಂದ್ರಾದ ಆಫೀಸಿಗೆ ಹೋದೆ. ಚಿತ್ರ ಆಗಲೇ ಜನರ ಮೊಬೈಲುಗಳಲ್ಲಿ ಓಡುತ್ತಿತ್ತು. ಲೋಟದ ಮೇಲಿನ ಹೆಸರು ಓದಲು ಸಿಗುವುದು ಒಟ್ಟು ಹನ್ನೊಂದು ಸೆಕೆಂಡು. ಅದನ್ನು ಕಂಪ್ಯೂಟರಿನಲ್ಲಿ ಅಳಿಸುವುದು ಒಬ್ಬ ಹುಡುಗನಿಗೆ ಒಂದು ದಿನದ ಕೆಲಸ. ಅದನ್ನೇ ಕೇಳಿದೆ, ಪೋಸ್ಟರನ್ನೂ ಬದಲಿಸಿ ಎಂದೆ. ನಿಖಿಲ್ ತಲೆ ಹಿಡಿದು ಕೂತ, ನನ್ನ ತಪ್ಪು ನನ್ನ ತಪ್ಪು ಎಂದ. ನಿರ್ಮಾಪಕಿ ರಿತಿಕಾ ಸಮಾಧಾನದವಳು. ನನಗೆ ನೀರು ತರಿಸಿದಳು. ಇದು ನಿಜವಾದ ಕತೆಯಾ ಎಂದು ಜನ ಎಲ್ಲೆಲ್ಲೂ ಕೇಳುತ್ತಿದ್ದಾರೆ, ಇಂಥ ಕುತೂಹಲ ಜಾಹೀರಾತಿನಿಂದ ಹುಟ್ಟುವುದಿಲ್ಲ ಎಂದಳು. ಆಮೇಲೆ ಬಹಳ ಮೃದುವಾಗಿ, ಆ ಆಂಟಿ ತಾನಾಗಿ ಮುಂದೆ ಬಂದರೆ ಎಷ್ಟೋ ಹೆಂಗಸರಿಗೆ ಧೈರ್ಯ ಬರುತ್ತದೆ, ಒಂದು ಇಂಟರ್‌ವ್ಯೂ ಮಾಡೋಣ, ಬೇಕಾದರೆ ಮುಖ ಮಸುಕು ಮಾಡೋಣ ಎಂದಳು. ಅವಳು ಕೆಟ್ಟವಳಲ್ಲ. ಅದು ಉಪಕಾರ ಎಂದೇ ನಂಬಿದ್ದಳು. ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ನೀರು ಕುಡಿದು ಎದ್ದು ಬಂದೆ.

ಹದಿನಾರು ದಿನದ ಮೇಲೆ ಹೆಸರು ಅಳಿಸಿದರು. ಅಷ್ಟರಲ್ಲಿ ನಮ್ಮವರೆಲ್ಲ ನೋಡಿ ಆಗಿತ್ತು. ಫೋನುಗಳಲ್ಲಿ ಫೋಟೋ ಉಳಿದಿತ್ತು.

ಆ ಹದಿನಾರು ದಿನಗಳ ನಡುವೆ ಒಮ್ಮೆ ಸಮೀರ್ ಫೋನ್ ಮಾಡಿದ. ಆ ವಾರವಿಡೀ ಅವನ ನಟನೆಯನ್ನು ಪತ್ರಿಕೆಗಳು ಹೊಗಳಿದ್ದವು. ರೋಗಿಗಳನ್ನು ದೂರ ಮಾಡಬೇಡಿ, ಅಪ್ಪಿಕೊಳ್ಳಿ ಎಂದು ಅವನು ಟಿ.ವಿ.ಯಲ್ಲಿ ಹೇಳಿದ್ದನ್ನು ನಾನೂ ನೋಡಿದ್ದೆ. ಊಟ ಕಳಿಸುತ್ತಿದ್ದ ಆಂಟಿಯೇ ಆಕೆಯಂತೆ ಹೌದಾ ಎಂದು ವಿಚಾರಿಸಿದ. ಹೌದು ಎಂದೆ.

"ಏಳು ದಿನ ತಿಂದಿದ್ದೇನೆ ಮ್ಯಾಡಮ್," ಎಂದ ಹಿಂದಿಯಲ್ಲಿ, ದನಿ ತಗ್ಗಿಸಿ. "ನನಗೆ ಎಲ್ಲ ಗೊತ್ತು, ಹಾಗೆಲ್ಲ ಹರಡುವುದಿಲ್ಲ. ಆದರೂ ಹೆಂಡತಿ ಈಗ ಬಸುರಿ. ಒಂದು ಟೆಸ್ಟ್ ಮಾಡಿಸಿಬಿಡಲೇ?"

ನಾನು ಅವನ ಮುಖಕ್ಕೆ ಉಗುಳುವ ಹಾಗೆ ಮಾತಾಡಿದೆ. ಏನೇನು ಹೇಳಿದೆನೋ ಪೂರ್ತಿ ನೆನಪಿಲ್ಲ. ಸುಳ್ಳು ಕಣ್ಣೀರಿಗೆ ಸಂಬಳ ತೆಗೆದುಕೊಳ್ಳುವವನು ಎಂದದ್ದು ನೆನಪಿದೆ. ಅವನು ಕ್ಷಮಿಸಿ ಎಂದು ಫೋನ್ ಇಟ್ಟ. ನನಗೆ ಬಹಳ ಹಗುರವಾಯಿತು. ಇಂಥವರ ನಡುವೆ ನಾನಾದರೂ ಒಬ್ಬಳು ಇದ್ದೇನಲ್ಲ ಎಂದುಕೊಂಡೆ.

ಒಬ್ಬರ ಈ ಕಾಯಿಲೆಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳಬಾರದು ಎಂದು ಕಾಯ್ದೆಯೇ ಇದೆ. ವಕೀಲರನ್ನು ಕರೆದುಕೊಂಡು ಬರುತ್ತೇನೆ ಎಂದು ವಾರಿಜಕ್ಕನಿಗೆ ಹೇಳಿದೆ. ಬೇಡ ಎಂದರು. ಕೇಸಿನ ಕಾಗದದ ಮೇಲೆ ಮತ್ತೆ ನನ್ನ ಹೆಸರನ್ನೇ ಬರೆಯಬೇಕಲ್ಲ ಎಂದರು. ಚಾಳಿನಲ್ಲಿ ಯಾರೂ ಜಗಳಕ್ಕೆ ಬರಲಿಲ್ಲ, ಕಲ್ಲು ತೂರಲಿಲ್ಲ. ಈಗ ಕಾಲ ಸುಧಾರಿಸಿದೆ. ಅವರು ನಳ್ಳಿಗೆ ಕೊಡ ಹಿಡಿದು ಹೋದರೆ ಹೆಂಗಸರು, ನೀವು ಮೊದಲು ತುಂಬಿಕೊಳ್ಳಿ ಎಂದು ಮರ್ಯಾದೆಯಿಂದ ದೂರ ಸರಿಯುತ್ತಿದ್ದರು. ಅವರು ತುಂಬಿಕೊಂಡು ಹೋದ ಮೇಲೆ ನಳ್ಳಿಯನ್ನು ತೊಳೆಯುತ್ತಿದ್ದರು. ಪಕ್ಕದ ಮನೆಯಾಕೆ ನನ್ನನ್ನು ತಡೆದು, ನಾವು ಅವರಿಗೆ ಒಂದು ಮಾತೂ ಅಂದಿಲ್ಲ ನೋಡಿ ಎಂದಳು. ಅದು ನಿಜವೇ. ಶೀನರಿಗೆ ಬೇರೆ ಲೋಟ ಕೊಟ್ಟವರೂ ಹೆಚ್ಚು ಮಾತಾಡಿರಲಿಲ್ಲ.

ಜೂನ್ ಮೊದಲ ವಾರ ರಫೀಕ್ ಲೋಟವನ್ನು ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ನನ್ನ ಮನೆಗೆ ತಂದುಕೊಟ್ಟರು. ಅವರಿಗೂ ಸುದ್ದಿ ಮುಟ್ಟಿತ್ತು. ಅಂದು ತಿರುವಿ ಇಡ್ಲೇನ್ರಿ ಅಂದಿದ್ದೆ ಎಂದು ಅವರು ನೆನಪಿಸಬಹುದಿತ್ತು. ನೆನಪಿಸಲಿಲ್ಲ. ಅಮ್ಮಾರು ಅರಾಮ ಅದಾರೇನ್ರಿ ಎಂದು ಕೇಳಿ, ಚಹಾ ಕುಡಿದು ಹೋದರು.

ನಾನು ಪೆಟ್ಟಿಗೆ ಹಿಡಿದು ಹಿಂದಿನ ಚಾಳಿಗೆ ಹೋದೆ. ಒಲೆಯ ಮೇಲೆ ಒಬ್ಬರಿಗಾಗುವಷ್ಟು ಅನ್ನ ಬೇಯುತ್ತಿತ್ತು. ಡಬ್ಬಗಳು ಗೋಣಿಚೀಲದೊಳಗೆ ಸೇರಿದ್ದವು. ನನ್ನ ಡಬ್ಬವನ್ನೂ ಅವರೇ ನಿಲ್ಲಿಸಿದ್ದರು, ಒಬ್ಬಳಿಗಾಗಿ ಒಲೆ ಹೊತ್ತಿಸಲು ಆಗುವುದಿಲ್ಲ ಎಂದು. ವಾರಿಜಕ್ಕ ಲೋಟವನ್ನು ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿ, ಹುಣಸೆಹುಳಿ ಹಾಕಿ ತಿಕ್ಕಿ ತೊಳೆದರು. ಬಿಸಿಲಿನಲ್ಲಿ ಬಂದಿದ್ದೀ, ಕುಡಿ ಎಂದು ಅದರಲ್ಲೇ ಮಜ್ಜಿಗೆ ತುಂಬಿ ನನ್ನ ಕೈಗೆ ಕೊಟ್ಟರು.

ನಾನು ಕುಡಿದೆ. ಬಾಯಾರಿತ್ತು, ಒಂದೇ ಉಸಿರಿಗೆ ಕುಡಿದೆ. ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಳ್ಳುವಾಗ ಅವರು ನನ್ನನ್ನೇ ನೋಡುತ್ತಿರುವುದು ಕಂಡಿತು.

"ಪ್ರಫುಲ್ಲಾ," ಅಂದರು. "ಹದಿನೈದು ವರ್ಷದಿಂದ ನೀನು ಈ ಮನೆಯಲ್ಲಿ ಕಚ್ಚಿ ಕುಡಿಯುವವಳು. ಇವತ್ತು ಎತ್ತಿ ಕುಡಿದಿ."

ನಾನು ಲೋಟ ನೋಡಿದೆ. ಅದರ ಅಂಚಿನ ಮೇಲೆ ತುಟಿಯ ಗುರುತಿರಲಿಲ್ಲ. ಮಜ್ಜಿಗೆಯ ಎರಡು ಹನಿ ನನ್ನ ಕುತ್ತಿಗೆಯ ಮೇಲೆ ಬಿದ್ದಿದ್ದವು. ನನ್ನ ಕೈ ಯಾವಾಗ ಮೇಲೆ ಹೋಯಿತೋ ನನಗೆ ಗೊತ್ತೇ ಇರಲಿಲ್ಲ. ಇದು ಸತ್ತವರ ಲೋಟ ಎಂದು ಗೌರವಕ್ಕೆ ಹಾಗೆ ಮಾಡಿದೆ ಎನ್ನಬಹುದಿತ್ತು. ಲೋಟ ತುಂಬಿತ್ತು, ಚೆಲ್ಲುತ್ತದೆಂದು ಎತ್ತಿದೆ ಎನ್ನಬಹುದಿತ್ತು. ಫಿನಾಯಿಲ್ ನೆನಪಾಯಿತು ಎನ್ನಬಹುದಿತ್ತು. ಇವೆಲ್ಲ ನಾಲಿಗೆಯ ತುದಿಯವರೆಗೆ ಬಂದವು. ಎಲ್ಲವನ್ನೂ ಓದಿ ತಿಳಿದವಳು, ಡಾಕ್ಟರರ ಮಾತು ಕೇಳಿದವಳು, ನಾಯಕಿಗೆ ಪಾಠ ಮಾಡಿದವಳು, ಸಮೀರನಿಗೆ ಉಗಿದವಳು ನಾನು. ಆ ಮೂರು ತಿಂಗಳು ಸುತ್ತಲಿನವರು ಹಿಂದೆ ಸರಿಯುವುದನ್ನು ನೋಡುತ್ತಾ ನೋಡುತ್ತಾ ನನ್ನ ಕೈಯೂ ಕಲಿತುಬಿಟ್ಟಿತ್ತು. ಇನ್ನೊಂದು ಲೋಟ ಮಜ್ಜಿಗೆ ಕೊಡಿ ಅಕ್ಕ ಎಂದೆ. ಕಚ್ಚಿ ಕುಡಿದು ತೋರಿಸುವ ಯೋಚನೆ.

"ಬೇಡ," ಅಂದರು. "ಇನ್ನೊಂದು ಟೇಕ್ ಬೇಡ."

ಸೆಟ್ಟಿನ ಆ ಮಾತು ಅವರು ನನ್ನಿಂದಲೇ ಕಲಿತದ್ದು. ಲೋಟವನ್ನು ಒಯ್ದು ತೊಳೆದರು. ಉಳಿದ ಪಾತ್ರೆಗಳ ಜೊತೆ ಇಡಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಕವುಚಿ ಇಟ್ಟು, ಇದು ಇನ್ನು ನೀನು ಬಂದಾಗ ನಿನಗೆ ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ.

ಕೆಲಸ ಕಲಿಸಿದ್ದೇನು ಎಂದು ಹೊಸಬರು ಕೇಳುವುದುಂಟು. ಕ್ಯಾಮೆರಾದ ಮುಂದೆ ಇರುವವರ ಕೈ ನೋಡುವುದನ್ನು ನನಗೆ ಮೂವತ್ತೊಂದು ವರ್ಷ ಸಂಬಳ ಕೊಟ್ಟು ಕಲಿಸಿದರು. ನನ್ನ ಕೈ ಎಲ್ಲಿದೆ ಎಂದು ನೋಡುವುದನ್ನು ಯಾರೂ ಕಲಿಸಲಿಲ್ಲ, ನಾನೂ ಕಲಿಯಲಿಲ್ಲ. ಕರುಣೆಯ ಚಿತ್ರ ತೆಗೆಯುವವರು ಮೊದಲು ಅದನ್ನು ಕಲಿತುಕೊಳ್ಳಲಿ ಎಂದಷ್ಟೇ ಹೇಳುತ್ತೇನೆ.

ನಾನು ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ. ವಾರಿಜಕ್ಕ ಕಿಟಕಿಯಿಂದ ಆ ಲೋಟ ತೆಗೆದು ನೀರು ತುಂಬಿ ನನ್ನ ಮುಂದೆ ಇಡುತ್ತಾರೆ. ನಾನು ಕಚ್ಚಿಯೇ ಕುಡಿಯುತ್ತೇನೆ. ಅವರು ಬೇರೆ ಕಡೆ ನೋಡುತ್ತಾರೆ. ಪ್ರತಿ ಸಲವೂ ಹೆಸರು ನನ್ನ ಕಡೆಗೇ ಇರುತ್ತದೆ.